ಕಾರ್ಖಾನೆಯ ನೆನಪಿನಿಂದ ನಾಟಕ ಕಟ್ಟೋದು ಹೇಗೆ? ಮಂಡ್ಯ, ಮೈಸೂರಿನ ತಂಡಗಳಿಗೆ ಒಂದು ಮಾರ್ಗದರ್ಶಿ

ಕಾರ್ಮಿಕರ ಬಗ್ಗೆ ನಾಟಕ ಅಂದ ಕೂಡಲೇ ನಮ್ಮ ತಂಡಗಳು ಮೊದಲು ಕೆಂಪು ಬಟ್ಟೆ ಹುಡುಕುತ್ತವೆ. ಆಮೇಲೆ ತಮಟೆ. ಆಮೇಲೆ ನಾಲ್ಕು ಘೋಷಣೆ, ಹೊಟ್ಟೆ ದಪ್ಪ ಇರುವ ಒಬ್ಬ ಮಾಲೀಕ. ನಾಟಕ ರೆಡಿ. ನೋಡಲು ಬಂದ ನಿವೃತ್ತ ಫಿಟ್ಟರ್ "ಚೆನ್ನಾಗಿತ್ತು ಕಣಪ್ಪ" ಅಂತ ಹೇಳಿ ಮನೆಗೆ ಹೋಗುತ್ತಾರೆ. ಅವರು ಜೀವಮಾನವೆಲ್ಲ ಮಾಡಿದ ಕೆಲಸ ಮಾತ್ರ ಆ ನಾಟಕದಲ್ಲಿ ಎಲ್ಲೂ ಇರುವುದಿಲ್ಲ.

ಆ ಕೆಲಸವನ್ನು ರಂಗದ ಮೇಲೆ ತರೋದು ಹೇಗೆ ಅನ್ನೋದಷ್ಟೇ ಈ ಲೇಖನ. ರಾಜಕೀಯ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು. ಆದರೆ ಕಾರ್ಖಾನೆಯಲ್ಲಿ ರಾಜಕೀಯ ಇರೋದು ತೀರಾ ಸಣ್ಣ ವಿಷಯಗಳಲ್ಲಿ. ದೆಹಲಿಯ ಜನ ನಾಟ್ಯ ಮಂಚ್ 1978ರಲ್ಲಿ 'ಮಷೀನ್' ಅನ್ನೋ ಬೀದಿನಾಟಕ ಆಡಿತು. ಅದರ ಹಿಂದಿನ ಘಟನೆ ನಡೆದದ್ದು ಗಾಜಿಯಾಬಾದ್ ಕಡೆಯ ಒಂದು ಕಾರ್ಖಾನೆಯಲ್ಲಿ. ಕಾರ್ಮಿಕರು ಕೇಳಿದ್ದು ಸೈಕಲ್ ನಿಲ್ಲಿಸಲು ಜಾಗ, ಟೀ ಕುಡಿಯಲು ಒಂದು ಕ್ಯಾಂಟೀನ್. ಕಾವಲಿನವರು ಗುಂಡು ಹಾರಿಸಿದರು, ಆರು ಜನ ಸತ್ತರು. ಹದಿಮೂರು ನಿಮಿಷದ ಆ ನಾಟಕ ನಿಂತಿರೋದು ಆ ಸೈಕಲ್ ಸ್ಟ್ಯಾಂಡಿನ ಮೇಲೆ. ಇದೇ ತಂಡದ ಸಫ್ದರ್ ಹಶ್ಮಿ 1989ರ ಜನವರಿ 1ರಂದು ಸಾಹಿಬಾಬಾದಿನಲ್ಲಿ ಕಾರ್ಮಿಕರ ಮುಂದೆ ನಾಟಕ ಆಡುವಾಗ ಅವರ ಮೇಲೆ ದಾಳಿ ಆಯಿತು. ಮರುದಿನ ತೀರಿಕೊಂಡರು. ಈ ಥರದ ನಾಟಕ ಕೆಲವರಿಗೆ ಚುಚ್ಚುತ್ತೆ ಅನ್ನೋದು ಗೊತ್ತಿರಲಿ.

ಮೊದಲು: ಒಂದೇ ಕಾರ್ಖಾನೆ, ಒಂದೇ ಜಗಳ

"ಕಾರ್ಮಿಕ ವರ್ಗದ ಬದುಕು" ಅಂತ ವಿಷಯ ಇಟ್ಟುಕೊಂಡರೆ ಎಲ್ಲಿಗೂ ಮುಟ್ಟುವುದಿಲ್ಲ. ಒಂದು ಗೇಟ್ ಆರಿಸಿಕೊಳ್ಳಿ. ನಮ್ಮ ಕಡೆ ಗೇಟಿಗೇನೂ ಬರವಿಲ್ಲ. ಮೈಸೂರಿನಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಇತ್ತು. ಅರವತ್ತರ ದಶಕದ ಶುರುವಿನಿಂದ ಬೈಕ್ ತಯಾರಿಸಿ 1996ರಲ್ಲಿ ಮುಚ್ಚಿತು. ಕೆ.ಆರ್. ಮಿಲ್ ಇತ್ತು. ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ, ಮಾನಂದವಾಡಿ ರಸ್ತೆಯಲ್ಲಿ 1912ರ ರೇಷ್ಮೆ ನೇಯ್ಗೆ ಕಾರ್ಖಾನೆ ಇದೆ. ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರಿದ್ದಾರೆ. ಅವರ ಕಾರ್ಖಾನೆಗೆ ಗೇಟೂ ಇಲ್ಲ, ಸೈರನ್ನೂ ಇಲ್ಲ.

ಈ ಲೇಖನದಲ್ಲಿ ಉದಾಹರಣೆಗೆ ಮಂಡ್ಯದ ಸಕ್ಕರೆ ಕಾರ್ಖಾನೆಯನ್ನೇ ತಗೋತೀನಿ. ಮೈಷುಗರ್ ಅಂದರೆ ಮಂಡ್ಯದ ಯಾವ ಮನೆಯಲ್ಲೂ ಒಂದು ಕಥೆ ಸಿಗುತ್ತೆ. ಕನ್ನಂಬಾಡಿ ಕಟ್ಟೆ ಆಯಿತು, ಇರ್ವಿನ್ ನಾಲೆ ಬಂತು. ಈಗ ಅದಕ್ಕೆ ವಿಶ್ವೇಶ್ವರಯ್ಯ ನಾಲೆ ಅಂತ ಹೆಸರು. ನೀರು ಬಂದ ಮೇಲೆ ಕಬ್ಬು ಬಂತು, ಕಬ್ಬು ಅರೆಯಲು 1933ರಲ್ಲಿ ಕಂಪನಿ ಬಂತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಇದರ ಹಿಂದೆ ನಿಂತಿದ್ದರು. ರೈತರೂ ಷೇರು ತಗೊಂಡರು. ಅಂದರೆ ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಕಾಯೋನೂ ಒಂದು ಲೆಕ್ಕದಲ್ಲಿ ಮಾಲೀಕನೇ. ನಾಟಕಕಾರನಿಗೆ ಇದಕ್ಕಿಂತ ಒಳ್ಳೆಯ ಗಂಟು ಎಲ್ಲಿ ಸಿಗುತ್ತೆ?

ಇನ್ನು ಜಗಳ. ಅದು ಇವತ್ತಿಗೂ ತೀರ್ಮಾನ ಆಗದೆ ಉಳಿದದ್ದಾಗಿರಬೇಕು. ಎರಡೂ ಕಡೆ ಸ್ವಲ್ಪ ನ್ಯಾಯ ಇದ್ದರೆ ಇನ್ನೂ ಒಳ್ಳೆಯದು. ನನಗೆ ಹಿಡಿಸಿದ್ದು ಇದು: ಮಿಲ್ ಕೆಟ್ಟು ನಿಂತಾಗ ಒಳಗಿನ ಕಾರ್ಮಿಕನಿಗೂ ಹೊರಗಿನ ರೈತನಿಗೂ ಆಗುವ ಜಗಳ. ಕಡಿದ ಕಬ್ಬು ಕಾಯುವುದಿಲ್ಲ. ಗಂಟೆ ಕಳೆದಂತೆ ಒಣಗುತ್ತೆ, ತೂಕ ಇಳಿಯುತ್ತೆ, ಸಕ್ಕರೆ ಅಂಶವೂ ಕಮ್ಮಿ ಆಗುತ್ತೆ. ಕಾರ್ಖಾನೆಯಿಂದ ಕಟಿಂಗ್ ಆರ್ಡರ್, ಅಂದರೆ ಕಬ್ಬು ಕಡಿಯಲು ಅನುಮತಿ, ಸಿಕ್ಕಿ ಕಡಿದು ತಂದ ರೈತ ಗಾಡಿ ಸಾಲಿನಲ್ಲಿ ಕೂತು ಕಾರ್ಮಿಕನಿಗೆ ಬೈಯುತ್ತಾನೆ. ಸಂಬಳ ಬಾಕಿ ಇರುವ ಕಾರ್ಮಿಕ ವಾಪಸ್ ಬೈಯುತ್ತಾನೆ. ಇಬ್ಬರೂ ಒಂದೇ ಊರಿನವರು. ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಬೇಕಾದವರು.

ಯಾರನ್ನು ಹುಡುಕಬೇಕು

ಯೂನಿಯನ್ ಮುಖಂಡರ ಹತ್ತಿರ ಮೊದಲು ಹೋಗಿ, ಆದರೆ ಅಲ್ಲೇ ನಿಲ್ಲಬೇಡಿ. ಅವರು ನೂರು ಸಲ ಗೇಟ್ ಮೀಟಿಂಗಿನಲ್ಲಿ ಮಾತಾಡಿದವರು. ಅವರ ನೆನಪು ಭಾಷಣದ ಅಚ್ಚಿನಲ್ಲೇ ಬರುತ್ತೆ. ಗೌರವದಿಂದ ಕೇಳಿಸಿಕೊಳ್ಳಿ, ಇಸವಿಗಳನ್ನು ಬರೆದುಕೊಳ್ಳಿ. ಹೊರಡುವಾಗ "ನಿಮ್ಮ ಜೊತೆ ಕೆಲಸ ಮಾಡ್ತಾ ಇದ್ದು, ಮೀಟಿಂಗಲ್ಲಿ ಬಾಯಿ ಬಿಡದೇ ಇದ್ದವರು ಯಾರು ಸಾರ್?" ಅಂತ ಕೇಳಿ. ನಾಟಕಕ್ಕೆ ಬೇಕಾದವರು ಆ ಪಟ್ಟಿಯಲ್ಲಿದ್ದಾರೆ.

ಸೀಸನ್ ಕಾರ್ಮಿಕರನ್ನು ಬಿಡಬೇಡಿ. ಸಕ್ಕರೆ ಕಾರ್ಖಾನೆಯಲ್ಲಿ ಪರ್ಮನೆಂಟ್ ಬೇರೆ, ಸೀಸನಲ್ ಬೇರೆ, ಕಂಟ್ರಾಕ್ಟ್ ಬೇರೆ. ಹೊರಗಿನವರಿಗೆ ಎಲ್ಲರೂ ಕಾರ್ಮಿಕರು. ಒಳಗೆ ಅದು ಏಣಿ ಥರ. ಬಾಯ್ಲರ್ ಬೂದಿ ಬಾಚಿದವರು ಯಾರು, ಯಾವ ಜಾತಿಯವರು, ಕ್ಯಾಂಟೀನಿನಲ್ಲಿ ಯಾರು ಯಾರ ಜೊತೆ ಕೂರುತ್ತಿದ್ದರು ಅಂತ ಕೇಳಿ. ಮೊದಲ ಸಲ "ಅಂಥದ್ದೆಲ್ಲ ಏನಿಲ್ಲ ಬುಡಿ" ಅನ್ನುವ ಉತ್ತರ ಬರುತ್ತೆ. ಎರಡನೇ ಸಲ, ಬೇರೆಯವರ ಮನೆಯಲ್ಲಿ ಬೇರೆ ಉತ್ತರ ಬರುತ್ತೆ. ಎರಡನ್ನೂ ಇಟ್ಟುಕೊಳ್ಳಿ.

ಹೆಂಗಸರನ್ನು ಪ್ರತ್ಯೇಕವಾಗಿ ಮಾತಾಡಿಸಿ. ಯಜಮಾನರು ಪಕ್ಕದಲ್ಲಿ ಕೂತಿದ್ದರೆ ಅಮ್ಮ ಕಾಫಿ ಕೊಟ್ಟು ಒಳಗೆ ಹೋಗಿಬಿಡುತ್ತಾರೆ. ತಂಡದ ಹುಡುಗಿಯರು ಅಡುಗೆ ಮನೆಗೇ ಹೋಗಿ ಕೂತರೆ ಕೆಲಸ ಆಗುತ್ತೆ. ಸಂಬಳ ಬರದ ತಿಂಗಳುಗಳಲ್ಲಿ ಅಂಗಡಿ ಸಾಲ ಹೇಗೆ ನಡೆಯಿತು, ಯಾವ ಒಡವೆ ಮೊದಲು ಗಿರವಿಗೆ ಹೋಯಿತು ಅನ್ನೋದು ಗಂಡಸರಿಗೆ ಗೊತ್ತೇ ಇರುವುದಿಲ್ಲ.

ಮ್ಯಾನೇಜ್‌ಮೆಂಟ್ ಕಡೆಯವರನ್ನೂ ಒಬ್ಬಿಬ್ಬರನ್ನು ಕೇಳಿ. ಟೈಮ್ ಆಫೀಸಿನ ಗುಮಾಸ್ತ, ಕಬ್ಬು ಇಲಾಖೆಯ ಫೀಲ್ಡ್‌ಮನ್ ಇಂಥವರು ಸಾಕು. ಎರಡೂ ಕಡೆ ನೋಡಿದವರು ಅವರೇ.

ಏನು ಕೇಳಬೇಕು

"ನಿಮ್ಮ ಅನುಭವ ಹಂಚಿಕೊಳ್ಳಿ" ಅನ್ನೋ ಪ್ರಶ್ನೆಗೆ ಯಾರೂ ಅನುಭವ ಹಂಚಿಕೊಳ್ಳುವುದಿಲ್ಲ. ಭಾಷಣ ಮಾಡುತ್ತಾರೆ. ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡಿ. ಟೋಕನ್ ನಂಬರ್ ಎಷ್ಟು? ನಿವೃತ್ತಿಯಾಗಿ ಎಷ್ಟೋ ವರ್ಷವಾದವರೂ ಥಟ್ಟನೆ ಹೇಳುತ್ತಾರೆ. ಮನೆಯಿಂದ ಗೇಟಿಗೆ ಯಾವ ದಾರಿ? ಸೈಕಲ್ಲೋ, ನಡೆದೋ? ಬುತ್ತಿ ಯಾರು ತರುತ್ತಿದ್ದರು? ನೈಟ್ ಶಿಫ್ಟಿನಲ್ಲಿ ನಿದ್ದೆ ತಡೆಯೋಕೆ ಏನು ಮಾಡುತ್ತಿದ್ದಿರಿ? ಮೊದಲ ಸಂಬಳದಲ್ಲಿ ಏನು ತಂದಿರಿ?

ಆಮೇಲೆ ಒಂದು ಮಾತು ಕೇಳಿ: "ಆ ಕೆಲಸ ಹೇಗೆ ಮಾಡ್ತಿದ್ರಿ, ಒಂಚೂರು ತೋರಿಸ್ತೀರಾ?" ಇಡೀ ಮಾರ್ಗದರ್ಶಿಯಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಪ್ಯಾನ್ ಹೌಸಿನಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ. ಕಬ್ಬಿನ ಪಾಕ ದೊಡ್ಡ ಮುಚ್ಚಿದ ಪಾತ್ರೆಯಲ್ಲಿ ಕುದಿಯುತ್ತಾ ಇರುತ್ತೆ. ಸಕ್ಕರೆ ಸೀದು ಹೋಗಬಾರದು ಅಂತ ಒಳಗಿನ ಗಾಳಿ ಎಳೆದು ಕಮ್ಮಿ ಬಿಸಿಯಲ್ಲೇ ಕುದಿಸುತ್ತಾರೆ. ಹರಳು ಎಷ್ಟು ಕಟ್ಟಿದೆ ಅಂತ ನೋಡೋಕೆ ಪ್ಯಾನ್‌ಮನ್ ಸ್ವಲ್ಪ ಪಾಕ ಹೊರಗೆ ಎಳೀತಾನೆ. ಗಾಜಿನ ತುಂಡಿನ ಮೇಲೆ ಸವರುತ್ತಾನೆ. ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಹರಳು ಸಣ್ಣ ಇದ್ದರೆ ಇನ್ನೂ ಬೇಯಬೇಕು. ಹೆಚ್ಚು ಬೆಂದರೆ ಇಡೀ ಪ್ಯಾನ್ ಕೆಟ್ಟಂತೆ. ಇದನ್ನು ತೋರಿಸುವಾಗ ಅವರ ಹೆಬ್ಬೆರಳು, ತೋರುಬೆರಳು ಹೇಗೆ ಉಜ್ಜುತ್ತವೆ, ಕತ್ತು ಎಷ್ಟು ಓರೆ ಆಗುತ್ತೆ ಅಂತ ನಿಮ್ಮ ನಟರು ನೋಡಬೇಕು. ಆದ್ದರಿಂದ ಮಾತಾಡಿಸಲು ಬರಹಗಾರ ಒಬ್ಬನೇ ಹೋಗಬಾರದು. ಒಬ್ಬ ನಟನೂ ಜೊತೆಗೆ ಇರಲಿ.

ಸೋತ ಕಥೆಗಳನ್ನೂ ಕೇಳಿ. ಮುಷ್ಕರದ ದಿನ ಹಿಂದಿನ ಗೇಟಿನಿಂದ ಒಳಗೆ ಹೋದವರು ಯಾರು? ವಿಆರ್‌ಎಸ್ (ಸ್ವಯಂ ನಿವೃತ್ತಿ) ಫಾರಂಗೆ ಮೊದಲು ಸಹಿ ಹಾಕಿದವರು ಯಾಕೆ ಹಾಕಿದರು? ಆ ದುಡ್ಡು ಏನಾಯಿತು? ಯೂನಿಯನ್ ಎರಡಾದದ್ದು ತತ್ವಕ್ಕೋ, ಎಲೆಕ್ಷನ್ನಿಗೋ? ಕಾರ್ಮಿಕರನ್ನು ದೇವರು ಮಾಡಿಬಿಟ್ಟರೆ ಅವರೇ ನಿಮ್ಮ ನಾಟಕವನ್ನು ನಂಬುವುದಿಲ್ಲ.

ರೆಕಾರ್ಡಿಂಗ್ ಮತ್ತು ಒಪ್ಪಿಗೆ

ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ. ಫ್ಯಾನ್ ಆಫ್ ಮಾಡಿಸಿ, ಟಿವಿ ಆಫ್ ಮಾಡಿಸಿ. ವಿಡಿಯೊ ಮಾಡಬೇಡಿ, ಕ್ಯಾಮೆರಾ ಕಂಡರೆ ಜನ ಅಂಗಿ ಬದಲಾಯಿಸಿಕೊಂಡು ಬಂದು ಕೂರುತ್ತಾರೆ.

ಒಪ್ಪಿಗೆಯನ್ನು ರೆಕಾರ್ಡಿಂಗಿನಲ್ಲೇ ಬಾಯಿಮಾತಿನಲ್ಲಿ ತಗೊಳ್ಳಿ. ನಾಟಕಕ್ಕೆ ಬಳಸಬಹುದಾ, ಹೆಸರು ಹೇಳಬಹುದಾ, ಧ್ವನಿಯನ್ನೇ ಕೇಳಿಸಬಹುದಾ, ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಈಗಲೂ ಕೆಲಸದಲ್ಲಿ ಇರುವವರು, ಮಕ್ಕಳು ಅಲ್ಲೇ ಕಂಟ್ರಾಕ್ಟ್ ಮೇಲೆ ಇರುವವರು, ಲೇಬರ್ ಕೋರ್ಟಿನಲ್ಲಿ ಕೇಸ್ ನಡೆಯುತ್ತಿರುವವರು ಇದ್ದಾರಲ್ಲ, ಇವರ ಹೆಸರು, ಡಿಪಾರ್ಟ್‌ಮೆಂಟ್, ಊರು ಮೂರನ್ನೂ ಬದಲಾಯಿಸಿ. ಹೆಸರು ಮಾತ್ರ ಬದಲಾಯಿಸಿದರೆ ಗೇಟಿನ ಟೀ ಅಂಗಡಿಯಲ್ಲಿ ಎರಡು ನಿಮಿಷಕ್ಕೆ ಪತ್ತೆ ಹಚ್ಚುತ್ತಾರೆ. "ಬೇಡ ಅನ್ನಿಸಿದರೆ ಪ್ರದರ್ಶನದ ಹಿಂದಿನ ದಿನವೂ ತೆಗೆಸಬಹುದು" ಅಂತ ಹೇಳಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ.

ಧ್ವನಿಯನ್ನೇ ರಂಗದ ಮೇಲೆ ತರುವ ದಾರಿ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಪಾರ್ಕರ್ ಅನ್ನೋರು 1958ರಿಂದ ರೇಡಿಯೊಗೆ ರೈಲ್ವೆಯವರು, ಗಣಿಯವರು, ಮೀನುಗಾರರು ಇವರ ಮಾತು ರೆಕಾರ್ಡ್ ಮಾಡಿ, ನಡುವೆ ಹಾಡು ಸೇರಿಸಿ ಕಾರ್ಯಕ್ರಮ ಮಾಡಿದರು. ಆಮೇಲೆ ಎಪ್ಪತ್ತರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಬ್ಯಾನರ್ ಥಿಯೇಟರ್ ಅದನ್ನೇ ಯೂನಿಯನ್ ಸಭೆಗಳಿಗೆ, ಕ್ಲಬ್ಬುಗಳಿಗೆ ತಗೊಂಡು ಹೋಯಿತು. ನಮ್ಮಲ್ಲಿ ಮಾಡುವುದಾದರೆ ಒಂದು ಎಚ್ಚರಿಕೆ: ಬಯಲಿನಲ್ಲಿ, ಬಾಡಿಗೆ ಸ್ಪೀಕರಿನಲ್ಲಿ, ಹಲ್ಲಿಲ್ಲದ ಅಜ್ಜನ ಮಾತು ಅರ್ಧ ಕೇಳುವುದಿಲ್ಲ. ಒಳಾಂಗಣದ ಪ್ರದರ್ಶನಕ್ಕೆ ಮಾತ್ರ ಇಟ್ಟುಕೊಳ್ಳಿ. ಅದೂ ಎರಡೋ ಮೂರೋ ತುಣುಕು.

ಬರಹಕ್ಕೆ ಇಳಿಸುವಾಗ ಭಾಷೆ ತಿದ್ದಬೇಡಿ. "ಬತ್ತಿದ್ದೆ" ಅಂದದ್ದನ್ನು "ಬರುತ್ತಿದ್ದೆ" ಅಂತ ಮಾಡಿದರೆ ಮಂಡ್ಯದ ಮನುಷ್ಯ ಮಾಯ ಆಗುತ್ತಾನೆ. ಹಾಗಂತ ಸಿನಿಮಾದವರ ಥರ ಎಲ್ಲದಕ್ಕೂ "ಯಾಕ್ಲಾ, ಏನ್ಲಾ" ಸೇರಿಸಿ ನಗಿಸೋಕೂ ಹೋಗಬೇಡಿ.

ಕಾಗದ ಪತ್ರ

ನೆನಪು ಇಸವಿ ತಪ್ಪುತ್ತೆ, ಮನಸ್ಸಿಗೆ ಆದದ್ದನ್ನು ತಪ್ಪುವುದಿಲ್ಲ. ಆದ್ದರಿಂದ ಇಸವಿಗೆ, ಮೊತ್ತಕ್ಕೆ ಕಾಗದ ನೋಡಿ. ಟ್ರಂಕಿನಲ್ಲಿ ಪೇ ಸ್ಲಿಪ್, ಇಎಸ್‌ಐ ಕಾರ್ಡ್, ಚಾರ್ಜ್‌ಶೀಟ್, ಸೆಟ್ಲ್‌ಮೆಂಟ್ ಕಾಪಿ ಇದ್ದೇ ಇರುತ್ತೆ. ಯೂನಿಯನ್ನಿನವರು "ಟ್ವೆಲ್ವ್ ತ್ರೀ" ಅಂದರೆ ಗಾಬರಿ ಬೀಳಬೇಡಿ. ಲೇಬರ್ ಆಫೀಸರ್ ಮುಂದೆ ರಾಜಿ ಆಗಿ ಸಹಿ ಹಾಕಿದ ಒಪ್ಪಂದ ಅದು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 12(3)ನೇ ಸೆಕ್ಷನ್ ಅದರ ಹೆಸರಾಗಿ ಉಳಿದಿದೆ. ಹಳೇ ಪತ್ರಿಕೆಗೆ 'ಆಂದೋಲನ', 'ಮೈಸೂರು ಮಿತ್ರ'ದ ಹಳೇ ಸಂಚಿಕೆಗಳನ್ನು ಹುಡುಕಿ.

ಮೈಷುಗರ್ ಸರ್ಕಾರಿ ಕಂಪನಿ. ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಕಾರ್ಖಾನೆ ಯಾಕೆ ನಿಂತಿತು?" ಅಂತ ಕೇಳಿದರೆ ಉತ್ತರ ಬರೋದಿಲ್ಲ. "ಇಂತಿಂಥ ವರ್ಷ ಅರೆದ ಕಬ್ಬು ಎಷ್ಟು ಟನ್, ಕಾಯಂ ನೌಕರರು ಎಷ್ಟು" ಅಂತ ಕೇಳಿದರೆ ಬರುತ್ತೆ.

ಮಾತಿನಿಂದ ದೃಶ್ಯ ಮಾಡೋದು

ಇಲ್ಲಿ ಒಂದು ಮಾದರಿ ಕೊಡುತ್ತೇನೆ. ಇದು ಯಾರೂ ಹೇಳಿದ್ದಲ್ಲ, ವಿವರಿಸೋಕೆ ನಾನೇ ಬರೆದದ್ದು. ಕಾಕಂಬಿ ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ.

"ಸೀಸನ್ ಸುರುವಾಯ್ತು ಅಂದ್ರೆ ಮನೇಲಿ ನಾನಿಲ್ಲ ಅಂತ್ಲೇ ಲೆಕ್ಕ ಕಣಪ್ಪ. ನೈಟ್ ಸಿಫ್ಟು. ಬೆಳಿಗ್ಗೆ ಬತ್ತಿದ್ದೆ, ಮಕ್ಳು ಸ್ಕೂಲ್ಗೆ ಹೊಂಟೋಗಿರೋವು. ಮೈಯೆಲ್ಲಾ ಕಾಕಂಬಿ ವಾಸ್ನೆ. ನಮ್ಮೋಳು ನನ್ ಬಟ್ಟೆ ಬ್ಯಾರೆ ಬಕೀಟ್ಗೆ ನೆನಾಕೋಳು. ಆಮೇಕೆ ಮಿಲ್ ನಿಂತೋಯ್ತಲ್ಲಾ, ಆ ವರ್ಸ ಎಲ್ಲಾನೂ ಒಂದೇ ಬಕೀಟ್ಗೆ ಆಕುದ್ಲು. ನಂಗೆ ಒಂಥರಾ ಆಗೋಯ್ತು."

ಸಾಮಾನ್ಯವಾಗಿ ನಾವು ಇದನ್ನು ಏನು ಮಾಡುತ್ತೇವೆ? ನಟ ಮುಂದೆ ಬಂದು "ಕಾರ್ಖಾನೆ ಮುಚ್ಚಿ ನಮ್ಮ ಬದುಕನ್ನು ಕಸಿದುಕೊಂಡರು!" ಅನ್ನುತ್ತಾನೆ. ಹಿಂದೆ ಗುಂಪು "ಕಸಿದುಕೊಂಡರು!" ಅನ್ನುತ್ತೆ. ಆ ಬಕೆಟ್ ಎಲ್ಲಿ ಹೋಯಿತು?

ಬಕೆಟನ್ನು ಇಟ್ಟುಕೊಳ್ಳಿ. ಮೊದಲ ದೃಶ್ಯದಲ್ಲಿ ಹೆಂಡತಿ ಎರಡು ಬಕೆಟ್ ತಂದು ಇಡುತ್ತಾಳೆ. ಬಟ್ಟೆ ಬೇರೆ ಮಾಡುತ್ತಾ ಮೂಗು ಮುರಿದು ಬೈಯುತ್ತಾಳೆ, ನಗುತ್ತಾಳೆ. ಯಾವ ವಿವರಣೆಯೂ ಬೇಡ. ಎರಡು ದೃಶ್ಯ ಬಿಟ್ಟು ಅದೇ ಹೆಂಡತಿ, ಅದೇ ಜಾಗ, ಒಂದೇ ಬಕೆಟ್. ಗಂಡ ಅವಳ ಕೈಯಿಂದ ಅಂಗಿ ಕಿತ್ತುಕೊಂಡು ಮೂಸಿ ನೋಡುತ್ತಾನೆ. "ಸೋಪ್ ಮಿಗುತ್ತೆ ಬುಡಿ" ಅನ್ನುತ್ತಾಳೆ. ಅಷ್ಟೇ. ಲಾಕೌಟ್ ನೋಟಿಸ್ ಓದುವ ದೃಶ್ಯ ಇದರ ಮುಂದೆ ಬರಲಿ, ಹಿಂದೆ ಬರಲಿ, ಜನಕ್ಕೆ ತಾಗೋದು ಇದೇ.

ರೆಕಾರ್ಡಿಂಗ್ ಕೇಳುವಾಗ ಇಂಥ ವಸ್ತುಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಟಿಫನ್ ಕ್ಯಾರಿಯರ್, ಟೋಕನ್, ಸೈಕಲ್ ಡೈನಮೊ, ಆಯುಧಪೂಜೆಯ ಬೂದುಗುಂಬಳ. ಆಯುಧಪೂಜೆ ದಿನ ಹೆಂಡತಿ ಮಕ್ಕಳು ಕಾರ್ಖಾನೆ ಒಳಗೆ ಬಂದು ಅಪ್ಪನ ಮಷೀನ್ ನೋಡುತ್ತಿದ್ದರಾ ಅಂತ ಕೇಳಿ. ಆ ಒಂದು ನೆನಪಿನಿಂದಲೇ ಇಡೀ ದೃಶ್ಯ ಎದ್ದು ನಿಲ್ಲುತ್ತೆ.

ನಲವತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಏಳೆಂಟು ನಟರು ಸಾಕು. ಒಬ್ಬ ಕಾರ್ಮಿಕನ ಕಥೆಯನ್ನೇ ಉದ್ದಕ್ಕೂ ಹಿಡಿಯುವುದೋ, ಹಲವರದ್ದನ್ನು ಪೋಣಿಸುವುದೋ ಅನ್ನೋದು ನಿಮ್ಮ ಇಷ್ಟ. ನನ್ನ ಕೇಳಿದರೆ ಇಬ್ಬರನ್ನು ಹಿಡಿಯಿರಿ, ಒಳಗಿನವನು ಮತ್ತು ಗಾಡಿ ಸಾಲಿನವನು. ಉಳಿದವರ ನೆನಪೆಲ್ಲ ಇವರಿಬ್ಬರ ಮೈಮೇಲೆ ಬರಲಿ.

ಮಷೀನನ್ನು ಮೈಗೆ ತರೋದು

ಸೆಟ್ ಬೇಡ. ನಟರೇ ಮಿಲ್ ಆಗಬೇಕು. ಅದಕ್ಕೆ ಸಕ್ಕರೆ ಹೇಗೆ ಆಗುತ್ತೆ ಅಂತ ಇಡೀ ತಂಡಕ್ಕೆ ಬಾಯಿಪಾಠ ಬರಬೇಕು. ಗಾಡಿ ತೂಕಕ್ಕೆ ನಿಲ್ಲುತ್ತೆ. ಕಬ್ಬು ಕ್ಯಾರಿಯರ್ ಮೇಲೆ ಬೀಳುತ್ತೆ, ಕತ್ತಿಗಳು ತುಂಡು ಮಾಡುತ್ತವೆ, ರೋಲರುಗಳು ಒಂದಾದ ಮೇಲೊಂದು ಹಿಂಡುತ್ತವೆ. ಸಿಪ್ಪೆ ಬಾಯ್ಲರಿಗೆ ಹೋಗಿ ಅದೇ ಮಿಲ್ಲಿಗೆ ಉರುವಲು ಆಗುತ್ತೆ. ಹಿಂಡಿದ ಕಬ್ಬಿನ ಹಾಲಿಗೆ ಸುಣ್ಣ, ಗಂಧಕದ ಹೊಗೆ ಹಾಕಿ ತಿಳಿ ಮಾಡುತ್ತಾರೆ. ಗಟ್ಟಿ ಮಾಡಿ ಪ್ಯಾನಿಗೆ ಬಿಡುತ್ತಾರೆ. ಕೊನೆಗೆ ಗಿರಗಿರ ತಿರುಗುವ ಡ್ರಮ್ಮಿನಲ್ಲಿ ಸಕ್ಕರೆ ಒಂದು ಕಡೆ, ಕಾಕಂಬಿ ಒಂದು ಕಡೆ. ಪ್ರತಿ ಹಂತಕ್ಕೂ ಒಂದು ಸದ್ದು, ಒಂದು ಚಲನೆ ಹುಡುಕಿ. ಸದ್ದನ್ನು ಕೆಲಸ ಮಾಡಿದವರ ಬಾಯಲ್ಲೇ ಮಾಡಿಸಿ ಕೇಳಿ. ಅವರಿಗೆ ರೋಲರ್ ಸದ್ದು ಬದಲಾದರೆ ಏನು ಕೆಟ್ಟಿದೆ ಅಂತ ಗೊತ್ತಾಗುತ್ತಿತ್ತು. ನಿಮ್ಮ ನಾಟಕದಲ್ಲೂ ಸದ್ದು ಕೆಟ್ಟಾಗ ಪ್ರೇಕ್ಷಕರಿಗೆ ಗೊತ್ತಾಗಬೇಕು. ಆಗ ಮಿಲ್ ನಿಲ್ಲುವ ಕ್ಷಣಕ್ಕೆ ಬೇರೆ ಮಾತೇ ಬೇಕಾಗುವುದಿಲ್ಲ.

ನಮ್ಮ ಕಡೆಯ ನಾಟಕ ಬಿಡಬೇಡಿ

ಬೀದಿನಾಟಕ ಅಂದರೆ ಒಂದೇ ಥರ ಅಂತ ಯಾಕೆ ಆಗಿಹೋಯಿತೋ. 1975ರಲ್ಲಿ ಹುಟ್ಟಿದ 'ಸಮುದಾಯ' ರಂಗತಂಡ ಜಾಥಾ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಹೋದಾಗ ಅದು ಹೊಸದಾಗಿತ್ತು. ಈಗ ಸರ್ಕಾರಿ ಇಲಾಖೆಗಳೂ ಶೌಚಾಲಯದ ಪ್ರಚಾರಕ್ಕೆ ಅದೇ ಶೈಲಿ ಬಳಸುತ್ತವೆ. ಜನಕ್ಕೆ ತಮಟೆ ಕೇಳಿದ ಕೂಡಲೇ ಇಲಾಖೆ ನೆನಪಾಗುತ್ತೆ.

ಮಂಡ್ಯದಲ್ಲಿ ಇರೋದು ಕುರುಕ್ಷೇತ್ರ ನಾಟಕ. ಊರೂರಿನಲ್ಲಿ ರೈತರು, ಕಾರ್ಮಿಕರು, ಮೇಷ್ಟ್ರುಗಳು ದುಡ್ಡು ಕೊಟ್ಟು ಪಾತ್ರ ತಗೊಂಡು ರಾತ್ರಿಯೆಲ್ಲ ಆಡುತ್ತಾರೆ. ದುರ್ಯೋಧನನಿಗೆ ರೇಟು ಜಾಸ್ತಿ. ನೀವು ಮಾತಾಡಿಸುವ ನಿವೃತ್ತ ಕಾರ್ಮಿಕರಲ್ಲಿ ಒಬ್ಬರಾದರೂ ಭೀಮನೋ ಶಕುನಿಯೋ ಆಗಿದ್ದವರು ಸಿಗುತ್ತಾರೆ. ಅವರಿಗೆ ಹಾರ್ಮೋನಿಯಂ ಮೇಷ್ಟ್ರು ಕಲಿಸಿದ ಮಟ್ಟು ಇನ್ನೂ ನೆನಪಿರುತ್ತೆ. ಅವರನ್ನು ಬರೀ ಮಾಹಿತಿ ಕೊಡುವವರನ್ನಾಗಿ ಕೂರಿಸುವುದು ತಪ್ಪು. ರಂಗದ ಮೇಲೆ ಕರೆಯಿರಿ.

ಬೋನಸ್ ಮಾತುಕತೆಯ ದೃಶ್ಯವನ್ನು ಕೃಷ್ಣ ಸಂಧಾನದ ಹಾಗೆ ಮಾಡಿ ನೋಡಿ. 1965ರ ಬೋನಸ್ ಕಾಯ್ದೆಯಲ್ಲಿ ಕಮ್ಮಿ ಅಂದರೆ ಶೇ 8.33, ಜಾಸ್ತಿ ಅಂದರೆ ಶೇ 20 ಅಂತ ಇತ್ತು. ಆ 8.33 ಅಂದರೆ ವರ್ಷದ ಸಂಬಳದ ಹನ್ನೆರಡರಲ್ಲಿ ಒಂದು ಭಾಗ. ಹಳೇ ಕಾರ್ಮಿಕರಿಗೆ ಈ ಸಂಖ್ಯೆ ಮಗ್ಗಿ ಥರ ಬರುತ್ತೆ. ಯೂನಿಯನ್ ಇಪ್ಪತ್ತರಿಂದ ಇಳಿಯುತ್ತಾ ಬರುತ್ತೆ, ಕೊನೆಗೆ ಐದು ಗ್ರಾಮ ಕೇಳಿದ ಹಾಗೆ ಹತ್ತಕ್ಕೆ ಬಂದು ನಿಲ್ಲುತ್ತೆ. ಆ ಕಡೆಯಿಂದ ಸೂಜಿ ಮೊನೆಯಷ್ಟೂ ಇಲ್ಲ ಅಂತ ಉತ್ತರ. ಮಟ್ಟು ಹಳೆಯದು, ಮಾತು ಹೊಸದು. ಮಂಡ್ಯದ ಪ್ರೇಕ್ಷಕರಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಸಂಧಾನ ಮುರಿದರೆ ಮುಂದೆ ಏನು ಅಂತ ಅವರಿಗೇ ಗೊತ್ತು.

ಹೆಂಗಸರ ಭಾಗಕ್ಕೆ ಮದುವೆ ಮನೆಯ ಸೋಬಾನೆ ಹಾಡಿನ ಧಾಟಿ ಇದೆ. ಅಂಗಡಿ ಸಾಲದ ಪಟ್ಟಿಯನ್ನು ಸೋಬಾನೆ ಧಾಟಿಯಲ್ಲಿ ಹಾಡಿಸಿದರೆ ನಗುವೂ ಬರುತ್ತೆ, ಗಂಟಲೂ ಕಟ್ಟುತ್ತೆ.

ಮೊದಲ ಪ್ರದರ್ಶನ ಹೇಳಿದವರಿಗೇ

ಮೈಸೂರಿನ ತಂಡವಾದರೆ ಮೊದಲ ಪ್ರದರ್ಶನ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲೇ ಆಗಲಿ ಅನ್ನಿಸುತ್ತೆ. ಆಸೆ ಸಹಜ. ಸ್ವಲ್ಪ ತಡೆದುಕೊಳ್ಳಿ. ಮೊದಲು ಕಥೆ ಹೇಳಿದವರನ್ನು ಕೂರಿಸಿ ತೋರಿಸಿ. ಲೈಟಿಲ್ಲದೆ, ವೇಷ ಇಲ್ಲದೆ, ಮಂಡ್ಯದ ಶುಗರ್ ಟೌನ್ ಬಡಾವಣೆಯ ಒಂದು ಮನೆಯ ಅಂಗಳದಲ್ಲೋ ಯೂನಿಯನ್ ಆಫೀಸಿನಲ್ಲೋ. ಯಾವ ಹೊತ್ತಿಗೆ ಇಡಬೇಕು ಅಂತ ಅವರನ್ನೇ ಕೇಳಿ.

ಅವರು ಮೊದಲು ಹಿಡಿಯೋದು ಕೆಲಸದ ತಪ್ಪು. "ಆ ವಾಲ್ವ್ ಆ ಕಡೆ ತಿರುಗಿಸಲ್ಲ ಕಣಮ್ಮ." ಖುಷಿಯಿಂದ ತಿದ್ದಿಕೊಳ್ಳಿ. ಆಮೇಲೆ ಹಿಡಿಯೋದು ಮಾತು. "ಸಾಹೇಬ್ರು ಅಷ್ಟು ಕೆಟ್ಟೋರಾಗಿರ್ನಿಲ್ಲ" ಅನ್ನಬಹುದು. ಇನ್ನೊಬ್ಬರು "ಇನ್ನೂ ಕೆಟ್ಟೋರು" ಅನ್ನಬಹುದು. ಅಲ್ಲೇ ಇಬ್ಬರ ನಡುವೆ ಜಗಳ ಶುರುವಾದರೆ ನಿಮ್ಮ ಅದೃಷ್ಟ. ಸುಮ್ನೆ ಬರೆದುಕೊಳ್ಳಿ, ಅದನ್ನೇ ದೃಶ್ಯ ಮಾಡಿ. ಬ್ರೆಜಿಲಿನ ಅಗಸ್ಟೊ ಬೊವಾಲ್ ಇದನ್ನು ಒಂದು ಪದ್ಧತಿಯನ್ನಾಗಿಯೇ ಬೆಳೆಸಿದರು. ದೃಶ್ಯವನ್ನು ನಡುವೆ ನಿಲ್ಲಿಸಿ, "ನೀವಾಗಿದ್ರೆ ಏನು ಮಾಡ್ತಿದ್ರಿ?" ಅಂತ ಪ್ರೇಕ್ಷಕರನ್ನು ಕರೆದು ಆಡಿಸುವುದು. ವಿಆರ್‌ಎಸ್ ಸಹಿ ದೃಶ್ಯಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಆದರೆ ನಿಜವಾಗಿ ಸಹಿ ಹಾಕಿ ಒದ್ದಾಡಿದವರನ್ನು ಎಲ್ಲರ ಮುಂದೆ ಎಳೆಯಬೇಡಿ, ಅವರಾಗಿ ಎದ್ದು ಬಂದರೆ ಮಾತ್ರ.

ಜಾಗ, ಪರ್ಮಿಷನ್, ದುಡ್ಡು

ಇದನ್ನು ಬೇಗ ಮುಗಿಸೋಣ. ಗೇಟಿನ ಮುಂದಿನ ಜಾಗ ಕಂಪನಿಯದೋ ರಸ್ತೆಯದೋ ನೋಡಿಕೊಳ್ಳಿ. ರಸ್ತೆಯಾದರೆ ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಒಂದು ಕಾಪಿ ಜೇಬಿನಲ್ಲಿ ಇಟ್ಟುಕೊಳ್ಳಿ. ಮೈಕ್ ಇದ್ದರೆ ಅದಕ್ಕೆ ಬೇರೆ ಅನುಮತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಶಿಫ್ಟ್ ಬಿಡುವ ಹೊತ್ತಿನಲ್ಲಿ ಗೇಟಿನ ಮುಂದೆ ಆಡುವ ಆಸೆ ಇದ್ದರೆ ಹದಿನೈದು ನಿಮಿಷದ ತುಂಡು ಮಾತ್ರ ಆಡಿ. ಮನೆಗೆ ಹೋಗೋರು ಅದಕ್ಕಿಂತ ಜಾಸ್ತಿ ನಿಲ್ಲಲ್ಲ.

ಬದುಕಿರುವ ಅಧಿಕಾರಿಯ ಹೆಸರು ಹೇಳಿ ಆರೋಪ ಮಾಡಬೇಡಿ. ಮಾನಹಾನಿ ಈಗಲೂ ಕ್ರಿಮಿನಲ್ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಸ್ಕ್ರಿಪ್ಟನ್ನು ಒಬ್ಬ ವಕೀಲರಿಗೆ ಓದಿಸಿ. ನಾಟಕದ ಹುಚ್ಚಿರುವ ವಕೀಲರು ಮಂಡ್ಯದಲ್ಲೂ ಇದ್ದಾರೆ, ಮೈಸೂರಿನಲ್ಲೂ ಇದ್ದಾರೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ದಿನಾಂಕ ಇಡಬೇಡಿ. ಟೋಪಿ ಹಿಡಿದು ಸುತ್ತುವುದರಲ್ಲಿ ನಾಚಿಕೆ ಏನಿಲ್ಲ. ಕಂಪನಿಗಳ ಪ್ರಾಯೋಜಕತ್ವ ಮಾತ್ರ ಬೇಡ.

ನಾಟಕ ಆದ ಮೇಲೂ ಕೆಲಸ ಇದೆ

ಇಂಗ್ಲೆಂಡಿನ ಸ್ಟೋಕ್ ಊರಿನಲ್ಲಿ ಪೀಟರ್ ಚೀಸ್‌ಮನ್ ಅನ್ನೋ ನಿರ್ದೇಶಕರು 1974ರಲ್ಲಿ ಅಲ್ಲಿನ ಶೆಲ್ಟನ್ ಬಾರ್ ಉಕ್ಕಿನ ಕಾರ್ಖಾನೆ ಉಳಿಸುವ ಹೋರಾಟದ ಮೇಲೆ ನಾಟಕ ಮಾಡಿದರು. ಮಾತೆಲ್ಲ ಕಾರ್ಮಿಕರ ರೆಕಾರ್ಡಿಂಗಿನದ್ದೇ. ಹೋರಾಟ ಇನ್ನೂ ನಡೆಯುತ್ತಿತ್ತು. ಆದ್ದರಿಂದ ಪ್ರತಿ ರಾತ್ರಿ ಅವತ್ತಿನ ಸುದ್ದಿಯನ್ನೂ ರಂಗದಿಂದಲೇ ಹೇಳುತ್ತಿದ್ದರು. ಕೊನೆಗೆ 1978ರಲ್ಲಿ ಅಲ್ಲಿ ಉಕ್ಕು ಮಾಡೋದು ನಿಂತೇ ಹೋಯಿತು. ನಾಟಕದಿಂದ ಕಾರ್ಖಾನೆ ಉಳಿಯುತ್ತೆ ಅಂತ ಯಾರಿಗೂ ಮಾತು ಕೊಡಬೇಡಿ.

ಆದರೆ ಆ ಸುದ್ದಿ ಹೇಳುವ ಪದ್ಧತಿ ಮಂಡ್ಯಕ್ಕೆ ಚೆನ್ನಾಗಿ ಹೊಂದುತ್ತೆ. ಮೈಷುಗರ್ ಕಥೆ ಮುಗಿದಿಲ್ಲ. ವರ್ಷಗಟ್ಟಲೆ ನಿಂತಿತ್ತು. ಖಾಸಗಿಯವರಿಗೆ ಗುತ್ತಿಗೆ ಕೊಡಬೇಕಾ ಬೇಡವಾ ಅಂತ 2020ರ ಹೊತ್ತಿಗೆ ಊರೆಲ್ಲ ಗಲಾಟೆ ಆಯಿತು. 2022ರಲ್ಲಿ ಸರ್ಕಾರವೇ ಮತ್ತೆ ಶುರು ಮಾಡಿತು. ಹಾಗಾಗಿ ನಾಟಕದ ಕೊನೆಗೆ ಮೂರು ನಿಮಿಷ ಖಾಲಿ ಇಡಿ. ಪ್ರತಿ ಪ್ರದರ್ಶನದ ಬೆಳಿಗ್ಗೆ ಕಥೆ ಹೇಳಿದವರಲ್ಲಿ ಒಬ್ಬರಿಗೆ, ಕಬ್ಬು ಬೆಳೆಯುವವರಲ್ಲಿ ಒಬ್ಬರಿಗೆ ಫೋನ್ ಮಾಡಿ. ಮಿಲ್ ಓಡ್ತಾ ಇದೆಯಾ, ಬಾಕಿ ಬಂತಾ, ಗಾಡಿ ಎಷ್ಟೊತ್ತು ನಿಲ್ತಾ ಇದೆ ಅಂತ ಕೇಳಿ. ಅವತ್ತು ಸಂಜೆ ಪ್ಯಾನ್‌ಮನ್ ಪಾತ್ರಧಾರಿ ಅದನ್ನು ಚೀಟಿ ನೋಡಿಕೊಂಡೇ ಓದಲಿ. ಬಾಯಿಪಾಠ ಮಾಡಿ ಅಭಿನಯಿಸುವುದು ಬೇಡ.

ರೆಕಾರ್ಡಿಂಗುಗಳನ್ನು ಪೆನ್ ಡ್ರೈವಿಗೆ ಹಾಕಿ ಆಯಾ ಮನೆಯವರಿಗೆ ಒಂದೊಂದು ಕೊಡಿ. ಒಪ್ಪಿದವರದ್ದನ್ನು ಮಾತ್ರ ಹತ್ತಿರದ ಕಾಲೇಜಿನ ಲೈಬ್ರರಿಗೋ ಯೂನಿಯನ್ ಆಫೀಸಿಗೋ ಕೊಡಿ. ಜೊತೆಗೆ ಯಾರು, ಯಾವ ಡಿಪಾರ್ಟ್‌ಮೆಂಟ್, ಎಂದು ಮಾತಾಡಿದ್ದು ಅಂತ ಒಂದು ಹಾಳೆ ಇರಲಿ. ಬೇಡ ಅಂದವರದ್ದನ್ನು ಎಲ್ಲರ ಮೊಬೈಲಿನಿಂದಲೂ ಅಳಿಸಿ, ಅಳಿಸಿದ್ದೀವಿ ಅಂತ ಅವರಿಗೆ ಫೋನ್ ಮಾಡಿ ಹೇಳಿ.